ತಾವೊರ್ಮಿನಾ ನೋಡಿ, ಆದರೆ ಉಳಿಯುವುದು ಕೆಳಗಿನ ಊರಲ್ಲಿ

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ದಾವಣಗೆರೆಯಿಂದ ಅಪ್ಪ, ಅಮ್ಮ ಎರಡು ತಿಂಗಳ ಮಟ್ಟಿಗೆ ಬರುತ್ತಿದ್ದಾರೆ. ಇಟಲಿಯ ಸಿಸಿಲಿ ದ್ವೀಪದಲ್ಲಿರುವ ತಾವೊರ್ಮಿನಾಗೆ ನಾಲ್ಕು ದಿನ ಕರೆದುಕೊಂಡು ಹೋಗೋಣ ಅಂತ ಆಸೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಅದು ಗ್ರೀಕರು ಕಟ್ಟಿದ ಊರು ಅಂತ ಹೇಳಿದ್ದೇ ತಡ, ಈಗಲೇ ಹೊರಟು ನಿಂತಿದ್ದಾರೆ. ಅಮ್ಮನಿಗೆ ಮೊಣಕಾಲು ನೋವು, ಆದರೆ ಸಮುದ್ರದ ಹತ್ತಿರ ಕೂರಬೇಕಂತೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಆಗುವುದಿಲ್ಲ. ಫೋಟೊಗಳಲ್ಲಿ ನೋಡಿದರೆ ಬರೀ ದುಬಾರಿ ಹೋಟೆಲ್, ಬ್ರಾಂಡೆಡ್ ಅಂಗಡಿ. ಗ್ರೀಕರದ್ದು ಅನ್ನುವಂಥದ್ದು ನಿಜವಾಗಿ ಏನಾದರೂ ಉಳಿದಿದೆಯಾ? ಯಾವಾಗ ಹೋಗಬೇಕು, ಎಲ್ಲಿ ಉಳಿಯಬೇಕು?

ಉತ್ತರ: ಉಳಿದಿದೆ. ಆದರೆ ಎಲ್ಲರೂ ಹೋಗುವ ಜಾಗದಲ್ಲಿ ಕಡಿಮೆ, ಯಾರೂ ಇಣುಕದ ಜಾಗದಲ್ಲಿ ಜಾಸ್ತಿ. ಅದೃಷ್ಟಕ್ಕೆ ನಿಮ್ಮ ಅಪ್ಪನಿಗೆ ಬೇಕಾದದ್ದು, ನಿಮ್ಮ ಅಮ್ಮನ ಮೊಣಕಾಲಿಗೆ ಬೇಕಾದದ್ದು, ನಿಮ್ಮ ಜೇಬಿಗೆ ಬೇಕಾದದ್ದು ಮೂರೂ ಒಂದೇ ಕಡೆ ಇವೆ. ಆ ಊರಿನ ಹೆಸರು ಜಾರ್ದೀನಿ ನಾಕ್ಸೋಸ್. ತಾವೊರ್ಮಿನಾ ಇರುವುದು ಸಮುದ್ರದಿಂದ ಸುಮಾರು 200 ಮೀಟರ್ ಎತ್ತರದ ಗುಡ್ಡದ ಮೇಲೆ. ಅದರ ಬುಡದಲ್ಲಿ, ಕೊಲ್ಲಿಯ ಅಂಚಿಗೆ, ಜಾರ್ದೀನಿ ಇದೆ. ರೂಮು ಅಲ್ಲಿ ಹಿಡಿಯಿರಿ. ಮೇಲಿನ ಊರಿಗೆ ಬಸ್ಸಿನಲ್ಲಿ ಹೋಗಿ ಬನ್ನಿ.

ಯಾಕೆ ಅಂದರೆ, ಗ್ರೀಕರ ಕಥೆ ಶುರುವಾಗುವುದೇ ಕೆಳಗೆ. ಗ್ರೀಸಿನ ಯೂಬಿಯಾ ದ್ವೀಪದ ಕಾಲ್ಕಿಸ್ ಪಟ್ಟಣದ ಜನ, ಥಿಯೊಕ್ಲಿಸ್ ಎಂಬವನ ಮುಂದಾಳತ್ವದಲ್ಲಿ, ಕ್ರಿ.ಪೂ. 734ರಲ್ಲಿ ಇಲ್ಲಿ ಬಂದು ನೆಲೆಸಿದರು. ಸಿಸಿಲಿಯಲ್ಲಿ ಗ್ರೀಕರು ಕಟ್ಟಿದ ಮೊದಲ ಊರು ಇದು. ಹೆಸರು ನಾಕ್ಸೋಸ್. ಇದನ್ನು ಬರೆದಿಟ್ಟವನು ಪ್ರಾಚೀನ ಗ್ರೀಕ್ ಇತಿಹಾಸಕಾರ ಥ್ಯುಸಿಡೈಡಿಸ್, ನಿಮ್ಮ ಅಪ್ಪನಿಗೆ ಹೆಸರು ಗೊತ್ತಿರುತ್ತದೆ. ಊರಿನ ಹೊರಗೆ ಅಪೊಲೊ ದೇವರಿಗೆ ಒಂದು ಬಲಿಪೀಠ ಕಟ್ಟಿದ್ದರು, ಸಿಸಿಲಿಯಿಂದ ಧಾರ್ಮಿಕ ಕೆಲಸಕ್ಕೆ ಹಡಗು ಹತ್ತುವವರು ಮೊದಲು ಅಲ್ಲಿ ಪೂಜೆ ಸಲ್ಲಿಸಿಯೇ ಹೊರಡುತ್ತಿದ್ದರು ಎಂದೂ ಅವನು ಹೇಳುತ್ತಾನೆ. ನೀವು ವಿಮಾನ ಇಳಿಯುವ ಕತಾನಿಯಾ ಇದೆಯಲ್ಲ, ಅದನ್ನು ಕಟ್ಟಿದವರೂ ಈ ನಾಕ್ಸೋಸಿನವರೇ.

ಊರು ಮುನ್ನೂರು ವರ್ಷಕ್ಕೂ ಜಾಸ್ತಿ ಬಾಳಿತು. ಆಮೇಲೆ ಸಿಸಿಲಿಯ ಇನ್ನೊಂದು ಗ್ರೀಕ್ ಊರಾದ ಸಿರಾಕೂಸಾದ ಸರ್ವಾಧಿಕಾರಿ ಡಯೊನೀಸಿಯಸ್ ಕಣ್ಣು ಹಾಕಿದ. ಕ್ರಿ.ಪೂ. 403ರಲ್ಲಿ ಪ್ರೊಕ್ಲಿಸ್ ಎಂಬ ಊರಿನವನೇ ದುಡ್ಡು ತಿಂದು ಊರನ್ನು ಅವನ ಕೈಗೆ ಕೊಟ್ಟ. ಗೋಡೆ, ಮನೆ ಎಲ್ಲ ಕೆಡವಿದರು. ಜನರನ್ನು ಗುಲಾಮರಾಗಿ ಮಾರಿದರು. ಅಳಿದುಳಿದವರನ್ನು, ದಿಕ್ಕಾಪಾಲಾದವರನ್ನು ಒಟ್ಟುಗೂಡಿಸಿ ಕ್ರಿ.ಪೂ. 358ರಲ್ಲಿ ಗುಡ್ಡದ ಮೇಲೆ ಊರು ಕಟ್ಟಿಸಿದವನು ಆಂಡ್ರೊಮಾಕಸ್. ಆ ಊರೇ ಟಾರೊಮೇನಿಯನ್, ಇವತ್ತಿನ ತಾವೊರ್ಮಿನಾ. ಹಾಗಾಗಿ ಮೇಲಿನ ಊರು ಒಂದು ಲೆಕ್ಕದಲ್ಲಿ ನಿರಾಶ್ರಿತರ ಕಾಲೊನಿ. ಈಗ ಅಲ್ಲಿ ಒಂದು ರಾತ್ರಿಯ ರೂಮಿನ ಬಾಡಿಗೆ ಕೇಳಿದರೆ ಇದನ್ನು ನಂಬುವುದು ಕಷ್ಟ.

ಈ ಆಂಡ್ರೊಮಾಕಸ್ ಬಗ್ಗೆ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ಪ್ರಸಂಗ ಹೇಳುತ್ತಾನೆ. ಡಯೊನೀಸಿಯಸ್‌ನ ಮಗನನ್ನು ಇಳಿಸಲು ಗ್ರೀಸಿನ ಕೊರಿಂತ್‌ನಿಂದ ಟಿಮೋಲಿಯನ್ ಎಂಬ ಸೇನಾಪತಿ ಬಂದಾಗ ಅವನನ್ನು ಮೊದಲು ಸ್ವಾಗತಿಸಿದ್ದು ಈ ಊರು. ಅದಕ್ಕೆ ಸಿಟ್ಟಾದ ಉತ್ತರ ಆಫ್ರಿಕಾದ ಕಾರ್ತೇಜಿನವರು ದೂತನನ್ನು ಕಳಿಸಿದರು. ದೂತ ಅಂಗೈ ಮೇಲೆ ಮಾಡಿ ತೋರಿಸಿ, ಆಮೇಲೆ ಮಗುಚಿ, "ನಿನ್ನ ಊರನ್ನು ಹೀಗೆ ಮಗುಚಿ ಹಾಕುತ್ತೇವೆ" ಅಂದನಂತೆ. ಆಂಡ್ರೊಮಾಕಸ್ ನಕ್ಕು, ತಾನೂ ಅದೇ ಥರ ಕೈ ಮೇಲೆ ಕೆಳಗೆ ಮಾಡಿ, ನಿನ್ನ ಹಡಗು ಹೀಗೆ ಮಗುಚಬಾರದು ಅಂತಿದ್ದರೆ ಈಗಲೇ ಜಾಗ ಖಾಲಿ ಮಾಡು ಅಂದನಂತೆ. ಅಪ್ಪನಿಗೆ ಇದನ್ನು ಕೊಲ್ಲಿಯ ಎದುರು ಕೂತು ಹೇಳಿ, ಚೆನ್ನಾಗಿರುತ್ತದೆ. ಆಂಡ್ರೊಮಾಕಸ್‌ನ ಮಗ ಟಿಮಿಯಸ್ ದೊಡ್ಡ ಇತಿಹಾಸಕಾರ. ಒಲಿಂಪಿಕ್ ಕ್ರೀಡೆಗಳ ಲೆಕ್ಕದಲ್ಲಿ ವರ್ಷ ಗುರುತಿಸುವ ಪದ್ಧತಿ ಇತಿಹಾಸ ಬರವಣಿಗೆಯಲ್ಲಿ ನೆಲೆ ನಿಂತದ್ದು ಅವನಿಂದ.

ಹಳೆಯ ನಾಕ್ಸೋಸ್ ಇದ್ದದ್ದು ಸ್ಕಿಸೊ ಎಂಬ ಭೂಶಿರದಲ್ಲಿ. ಎಂದೋ ಹರಿದು ಸಮುದ್ರಕ್ಕೆ ನುಗ್ಗಿ ಹೆಪ್ಪುಗಟ್ಟಿದ ಲಾವಾದ ನಾಲಿಗೆ ಅದು. ಅಲ್ಲೀಗ ಪುರಾತತ್ವ ಉದ್ಯಾನ ಮತ್ತು ಮ್ಯೂಸಿಯಂ ಇದೆ. ಒಳಗೆ ನಿಂಬೆ, ಆಲಿವ್ ಮರಗಳ ನಡುವೆ ಕಾಲುದಾರಿ. ದೊಡ್ಡ ಕಂಬಗಳ ದೇವಸ್ಥಾನ ನಿಂತಿರುತ್ತದೆ ಅಂದುಕೊಂಡು ಹೋಗಬೇಡಿ. ಇರುವುದು ತಳಪಾಯಗಳು, ಕುಂಬಾರರ ಗೂಡುಗಳು, ಬೀದಿಯ ಗೆರೆಗಳು, ಮತ್ತು ಒಂದು ಗೋಡೆ. ಆ ಗೋಡೆಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ. ಕಪ್ಪು ಲಾವಾ ಕಲ್ಲುಗಳು, ಒಂದೂ ಚೌಕಾಕಾರವಿಲ್ಲ. ಐದು ಮೂಲೆಯದು, ಆರು ಮೂಲೆಯದು, ಒಂದರ ಮೂಲೆ ಇನ್ನೊಂದರ ಸಂದಿಗೆ ಸರಿಯಾಗಿ ಕೂರುವಂತೆ ಕಡಿದಿದ್ದಾರೆ. ನಡುವೆ ಗಾರೆ ಇಲ್ಲ. ಮೇಲಿನ ಊರಿನಲ್ಲಿ ಎಷ್ಟು ಹುಡುಕಿದರೂ ಇಷ್ಟು ಹಳೆಯ ಗ್ರೀಕ್ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಬೀದಿಗಳ ವಿಷಯವೂ ಹಾಗೇ. ಸುಮ್ನೆ ನೋಡಿದರೆ ಕಲ್ಲಿನ ಸಾಲು ಅಷ್ಟೇ. ಆದರೆ ಕ್ರಿ.ಪೂ. 5ನೇ ಶತಮಾನದಲ್ಲಿ ಇಡೀ ಊರನ್ನು ಹೊಸದಾಗಿ ನೇರ ಬೀದಿ, ಅಡ್ಡ ಬೀದಿ ಹಾಕಿ ಯೋಜಿಸಿದ್ದರು. ಅವು ಕೂಡುವ ಕಡೆಗಳಲ್ಲೆಲ್ಲ ಒಂದೊಂದು ಚೌಕದ ಕಲ್ಲುಕಟ್ಟೆ. ಮೊದಲ ಕಟ್ಟೆ ಕಂಡ ಮೇಲೆ ಮುಂದಿನದನ್ನು ನೀವೇ ಹುಡುಕಿಕೊಂಡು ಹೋಗಬಹುದು. ಈಗಿನ ಊರಿನ ಮನೆಗಳ ನಡುವೆ ಯುದ್ಧದ ಹಡಗುಗಳನ್ನು ದಡಕ್ಕೆ ಎಳೆದು ನಿಲ್ಲಿಸುತ್ತಿದ್ದ ಕೊಟ್ಟಿಗೆಗಳೂ ಅಗೆತದಲ್ಲಿ ಸಿಕ್ಕಿವೆ. ಇಳಿಜಾರು ನೆಲ, ಅಕ್ಕಪಕ್ಕ ನಾಲ್ಕು ಅಂಕಣ.

ಮ್ಯೂಸಿಯಂ ಚಿಕ್ಕದು, ಒಂದು ಗಂಟೆ ಸಾಕು. ಅದರಲ್ಲಿ ಸೈಲೀನಸ್ ಮುಖಗಳನ್ನು ಬಿಡಬೇಡಿ. ಮಾಡಿನ ಅಂಚಿನ ಹೆಂಚಿಗೆ ಮುಂದೆ ಮುಚ್ಚಳದ ಥರ ಕೂರಿಸುತ್ತಿದ್ದ ಮಣ್ಣಿನ ಮುಖಗಳು ಅವು. ಗಡ್ಡ, ಚಪ್ಪಟೆ ಮೂಗು, ಪ್ರಾಣಿಯ ಕಿವಿ, ಅಗಲ ಕಣ್ಣು. ಕೆಲವದರಲ್ಲಿ ಬಣ್ಣ ಇನ್ನೂ ಕಾಣುತ್ತದೆ. ಸೈಲೀನಸ್ ಅಂದರೆ ದ್ರಾಕ್ಷಾರಸದ ದೇವರು ಡಯೊನೈಸಸ್‌ನ ಸಂಗಡಿಗ. ಈ ಊರು ಡಯೊನೈಸಸ್‌ಗೆ ಎಷ್ಟು ಒಲಿದಿತ್ತು ಅಂದರೆ ಕ್ರಿ.ಪೂ. 460ರ ಸುಮಾರಿನ ಇಲ್ಲಿನ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಆ ದೇವರ ತಲೆ, ಇನ್ನೊಂದು ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟಲು ಹಿಡಿದ ಸೈಲೀನಸ್. ಪ್ರಾಚೀನ ಜಗತ್ತಿನ ಅತಿ ಚೆಂದದ ನಾಣ್ಯಗಳಲ್ಲಿ ಇದೂ ಒಂದು ಅಂತ ನಾಣ್ಯ ಬಲ್ಲವರು ಹೇಳುತ್ತಾರೆ. ಪಕ್ಕದ ಪುಟ್ಟ ಕೋಟೆಯಲ್ಲಿ ಸಮುದ್ರದಿಂದ ತೆಗೆದ ಲಂಗರುಗಳು, ಎಣ್ಣೆ ಮತ್ತು ವೈನ್ ತುಂಬುತ್ತಿದ್ದ ಜಾಡಿಗಳು ಇವೆ.

ಈಗ ಮೇಲಿನ ಊರು. ಎಲ್ಲರೂ ಫೋಟೊ ತೆಗೆಯುವ ಆ ರಂಗಮಂದಿರಕ್ಕೆ "ಗ್ರೀಕ್ ಥಿಯೇಟರ್" ಅಂತ ಹೆಸರು ಬಿದ್ದುಬಿಟ್ಟಿದೆ. ಅರ್ಧ ಸತ್ಯ. ಗುಡ್ಡ ಕೊರೆದು ಕ್ರಿ.ಪೂ. 3ನೇ ಶತಮಾನದಲ್ಲಿ ಮೊದಲು ಮಾಡಿದವರು ಗ್ರೀಕರೇ. ಆದರೆ ಕ್ರಿ.ಶ. 2ನೇ ಶತಮಾನದಲ್ಲಿ ರೋಮನ್ನರು ಅದನ್ನು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದರು. ಕಣ್ಣಿಗೆ ಕಾಣುವ ಕೆಂಪು ಇಟ್ಟಿಗೆ ಪೂರ್ತಿ ಅವರದ್ದು. ಈ ಊರಿಗೆ ಒಂದು ಸುಲಭ ಸೂತ್ರ: ಇಟ್ಟಿಗೆ ಕಂಡರೆ ರೋಮನ್, ಗಾರೆಯಿಲ್ಲದೆ ಜೋಡಿಸಿದ ದೊಡ್ಡ ಕಲ್ಲು ಕಂಡರೆ ಹತ್ತಿರ ಹೋಗಿ ನೋಡಿ. ವ್ಯಾಸ ಸುಮಾರು 109 ಮೀಟರ್, ಸಿಸಿಲಿಯಲ್ಲಿ ಸಿರಾಕೂಸಾದ್ದು ಬಿಟ್ಟರೆ ಇದೇ ದೊಡ್ಡದು. ಆಮೇಲಾಮೇಲೆ ನಾಟಕದ ಅಂಗಳವನ್ನೂ ಬದಲಾಯಿಸಿ ಕತ್ತಿಮಲ್ಲರ ಕಾಳಗಕ್ಕೆ ಅಖಾಡ ಮಾಡಿಕೊಂಡರು.

ವೇದಿಕೆಯ ಹಿಂದಿನ ಗೋಡೆ ಮಧ್ಯದಲ್ಲಿ ಕುಸಿದು ಅಲ್ಲಿಂದ ಎಟ್ನಾ ಜ್ವಾಲಾಮುಖಿ, ಕೊಲ್ಲಿ ಎಲ್ಲ ಕಾಣುತ್ತದಲ್ಲ, ಆ ಚಿತ್ರ ನೋಡಿಯೇ ಅಲ್ವಾ ನೀವೂ ಹೊರಟಿರುವುದು? ನಾಟಕ ನೋಡುತ್ತ ಎಟ್ನಾವನ್ನೂ ನೋಡಲಿ ಅಂತ ಪ್ರಾಚೀನರು ಹಾಗೆ ಕಟ್ಟಿದರು ಅಂತ ಗೈಡುಗಳು ಹೇಳುತ್ತಾರೆ. ಆದರೆ ರೋಮನ್ನರ ಗೋಡೆ ಪೂರ್ತಿ ನಿಂತಿದ್ದಾಗ ಕೆಳಸಾಲಿನಲ್ಲಿ ಕೂತವರಿಗೆ ಕಾಣುತ್ತಿದ್ದದ್ದು ಕಂಬ, ಕಮಾನು, ವಿಗ್ರಹ ಅಷ್ಟೇ. ಈ ನೋಟ ನಮಗೆ ಸಿಕ್ಕಿರುವುದು ಗೋಡೆ ಬಿದ್ದದ್ದರಿಂದ. ಬೇಸಿಗೆಯಲ್ಲಿ ಸಂಗೀತ ಕಛೇರಿ, ಸಿನಿಮಾ ಉತ್ಸವ ನಡೆಯುತ್ತವೆ. ಆಗ ಅದೇ ಕಿಂಡಿಯ ಮುಂದೆ ಲೈಟು, ಸ್ಪೀಕರು, ಕಬ್ಬಿಣದ ಚೌಕಟ್ಟು. ಫೋಟೊಗೇ ಹೋಗುವವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನಿಮ್ಮ ಅಪ್ಪನಿಗೆ ಇಲ್ಲಿ ನಿಜವಾಗಿ ಇಷ್ಟವಾಗಬಹುದಾದದ್ದು ಲೆಕ್ಕಪತ್ರದ ಶಾಸನಗಳು. ಗ್ರೀಕ್ ಟಾರೊಮೇನಿಯನ್ ತನ್ನ ಆಯವ್ಯಯವನ್ನು ಕಲ್ಲಿನಲ್ಲಿ ಕೆತ್ತಿಸಿತ್ತು. ಖಜಾನೆಗೆ ಬಂದದ್ದೆಷ್ಟು, ಹೋದದ್ದೆಷ್ಟು, ವ್ಯಾಯಾಮಶಾಲೆಗೆ ಎಣ್ಣೆ ಎಷ್ಟು, ಕಾಳಿನ ದಾಸ್ತಾನು ಎಷ್ಟು, ಆ ಅವಧಿಯ ಅಧಿಕಾರಿ ಯಾರು, ಎಲ್ಲ ಇದೆ. ರಂಗಮಂದಿರದ ಆವರಣದ ಪುಟ್ಟ ಸಂಗ್ರಹಾಲಯದಲ್ಲಿ ಇಂಥ ಕಲ್ಲುಗಳನ್ನು ಇಟ್ಟಿದ್ದಾರೆ. ಇದೇ ಊರಿನ ವ್ಯಾಯಾಮಶಾಲೆಯ ಗೋಡೆಯ ಗಾರೆಯ ಮೇಲೆ ಬಣ್ಣದಲ್ಲಿ ಬರೆದ ಲೈಬ್ರರಿ ಪಟ್ಟಿಯೂ ಸಿಕ್ಕಿದೆ. ಅದರಲ್ಲಿ ಗ್ರೀಕ್ ಲೇಖಕರ ಜೊತೆ ರೋಮಿನ ಮೊದಲ ಇತಿಹಾಸಕಾರ ಫೇಬಿಯಸ್ ಪಿಕ್ಟರ್‌ನ ಹೆಸರೂ ಇದೆ. ಗರಡಿಮನೆಯಲ್ಲಿ ಇತಿಹಾಸದ ಪುಸ್ತಕ ಇಟ್ಟಿದ್ದ ಊರು ಅಂತ ಮೇಷ್ಟ್ರಿಗೆ ಹೇಳಿ.

ಇನ್ನೊಂದು ಜಾಗಕ್ಕೆ ಟಿಕೆಟ್ಟೂ ಬೇಡ. ಪೋರ್ಟಾ ಮೆಸ್ಸೀನಾ ಎಂಬ ಊರಬಾಗಿಲಿನ ಹೊರಗೆ ಸ್ವಲ್ಪ ದೂರದಲ್ಲಿ ಸಂತ ಪಾಂಕ್ರಾತ್ಸಿಯೊನ ಚರ್ಚ್ ಇದೆ. ಸೆರಾಪಿಸ್ ದೇವರ ಗ್ರೀಕ್ ಗುಡಿಯ ಮೇಲೆ ಕಟ್ಟಿದ್ದು. ಮುಂದಿನಿಂದ ನೋಡಿದರೆ ಮಾಮೂಲಿ ಚರ್ಚು. ಪಕ್ಕಕ್ಕೆ ಹೋಗಿ ಗೋಡೆಯ ಕೆಳಭಾಗ ನೋಡಿ, ಗುಡಿಯ ಕಲ್ಲುಗಳು ಹಾಗೇ ಇವೆ. ಬೀದಿಯಲ್ಲಿ ಹಾದುಹೋಗುವವರು ಯಾರೂ ನಿಲ್ಲುವುದಿಲ್ಲ.

ಊರಿನ ಮುಖ್ಯ ಬೀದಿ ಕೋರ್ಸೊ ಉಂಬೆರ್ತೊ. ಒಂದು ತುದಿಗೆ ಪೋರ್ಟಾ ಮೆಸ್ಸೀನಾ, ಇನ್ನೊಂದು ತುದಿಗೆ ಪೋರ್ಟಾ ಕತಾನಿಯಾ. ಅಂಗಡಿಗಳ ಬಗ್ಗೆ ನಾನು ಹೇಳುವುದು ಏನೂ ಇಲ್ಲ, ಮ್ಯೂನಿಕ್‌ನಲ್ಲೂ ಅವೇ ಇವೆ. ದುಓಮೊ, ಅಂದರೆ ಕೆಥೆಡ್ರಲ್, ಇರುವ ಚೌಕದಲ್ಲಿ 1635ರ ಕಾರಂಜಿ ಇದೆ. ಅದರ ತುದಿಯಲ್ಲಿ ಕಿರೀಟ ಇಟ್ಟುಕೊಂಡ ವಿಚಿತ್ರ ಆಕೃತಿ: ಮೇಲೆ ಹೆಂಗಸು, ಕೆಳಗೆ ಪ್ರಾಣಿ, ಅದೂ ಎರಡೇ ಕಾಲು. ನಮಗೆ ಗಂಡಭೇರುಂಡ ಹೇಗೋ ಹಾಗೆ ಇವರ ಊರಿನ ಲಾಂಛನ ಇದು. ಸಂಜೆ ಐದರ ಮೇಲೆ ಹೋಗಿ. ಹಡಗಿನಲ್ಲಿ, ಟೂರ್ ಬಸ್ಸಿನಲ್ಲಿ ಬಂದವರು ಅಷ್ಟು ಹೊತ್ತಿಗೆ ಇಳಿದುಹೋಗಿರುತ್ತಾರೆ. ರಂಗಮಂದಿರಕ್ಕೆ ಮಾತ್ರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು, ಬಿಸಿಲೂ ಕಡಿಮೆ, ಜನವೂ ಕಡಿಮೆ.

ಅಮ್ಮನ ಮೊಣಕಾಲಿನ ವಿಷಯಕ್ಕೆ ಬರೋಣ. ಕೋರ್ಸೊ ಬೀದಿ ಹೆಚ್ಚುಕಡಿಮೆ ಸಮತಟ್ಟು, ಅದರಲ್ಲಿ ನಡೆಯಬಹುದು. ಪಕ್ಕದ ಓಣಿಗಳು ಅಂದರೆ ಓಣಿಗಳಲ್ಲ, ಮೆಟ್ಟಿಲುಗಳು. ರಂಗಮಂದಿರದ ಮೆಟ್ಟಿಲು ಎತ್ತರ, ಸವೆದಿವೆ. ಅಮ್ಮ ಕೆಳಗೇ ಕೂತಿರಲಿ, ನೀವು ಮತ್ತು ಅಪ್ಪ ಮೇಲೆ ಹೋಗಿ ಬನ್ನಿ. ಅಥವಾ ಆ ಹೊತ್ತಿಗೆ ಅಮ್ಮನನ್ನು ವಿಲ್ಲಾ ಕಮ್ಯುನಾಲೆ ಎಂಬ ಸಾರ್ವಜನಿಕ ತೋಟದಲ್ಲಿ ಕೂರಿಸಿ. ಫ್ಲಾರೆನ್ಸ್ ಟ್ರೆವೆಲಿಯನ್ ಎಂಬ ಇಂಗ್ಲಿಷ್ ಮಹಿಳೆ ಮಾಡಿಸಿದ ತೋಟ ಅದು. ಬೆಂಚು ಇದೆ, ನೆರಳು ಇದೆ, ಎದುರಿಗೆ ಎಟ್ನಾ. ರಂಗಮಂದಿರಕ್ಕಿಂತ ಇಲ್ಲಿನ ನೋಟವೇ ಚೆನ್ನ ಅನ್ನುವವರಲ್ಲಿ ನಾನೂ ಒಬ್ಬ.

ಫೋಟೊಗಳಲ್ಲಿ ಬರುವ ಪುಟ್ಟ ದ್ವೀಪ ಈಸೊಲಾ ಬೆಲ್ಲಾ. ಅದನ್ನೂ 1890ರಲ್ಲಿ ಕೊಂಡವರು ಇದೇ ಟ್ರೆವೆಲಿಯನ್. ಈಗ ಸಂರಕ್ಷಿತ ಪ್ರದೇಶ. ರಸ್ತೆಯಿಂದ ಕಡಲತೀರಕ್ಕೆ ಮೆಟ್ಟಿಲು ಜಾಸ್ತಿ, ಕೆಳಗೆ ಮರಳಿಲ್ಲ, ಬರೀ ಉರುಟು ಕಲ್ಲು. ನೋವಿರುವ ಕಾಲಿಗೆ ಅದು ಶಿಕ್ಷೆ. ಮೇಲಿನ ರಸ್ತೆಯ ಕಟ್ಟೆಯಿಂದ ನೋಡಿದರೆ ಸಾಕು. ತಾವೊರ್ಮಿನಾದಿಂದ ರೋಪ್‌ವೇ ಇಳಿಯುವುದೂ ಅದರ ಪಕ್ಕದ ಮಾತ್ಸಾರೊಗೆ, ಜಾರ್ದೀನಿಗಲ್ಲ. ಇದು ಗೊತ್ತಿಲ್ಲದೆ ತುಂಬಾ ಜನ ಕೆಳಗಿಳಿದ ಮೇಲೆ ಬಸ್ಸಿಗೆ ಕಾಯುತ್ತಾರೆ. ಜಾರ್ದೀನಿಯಲ್ಲಾದರೆ ಕಡಲ ದಂಡೆಯುದ್ದಕ್ಕೂ ಸಮತಟ್ಟಾದ ರಸ್ತೆ, ಬೆಂಚು, ಕಾಫಿ ಅಂಗಡಿ. ದಂಡೆಯಲ್ಲಿ ಛತ್ರಿ, ಕುರ್ಚಿ ಹಾಕಿರುವ ಜಾಗಗಳಿಗೆ ಲೀದೊ ಅನ್ನುತ್ತಾರೆ, ಅವಕ್ಕೆ ಬಾಡಿಗೆ. ನಡುನಡುವೆ ಪುಕ್ಕಟೆ ಜಾಗವೂ ಇದೆ. ಅಮ್ಮನಿಗೆ ನೆಲದ ಮೇಲೆ ಕೂತು ಏಳುವುದು ಕಷ್ಟವಾದರೆ ಬಾಡಿಗೆ ಕುರ್ಚಿಗೆ ದುಡ್ಡು ನೋಡಬೇಡಿ.

ಊಟಕ್ಕೆ ಸಿಸಿಲಿ ಸಸ್ಯಾಹಾರಿಗಳಿಗೆ ಒಳ್ಳೆಯ ಜಾಗ, ಕೇಳಿ ತಿಂದರೆ. ಬದನೆಕಾಯಿ ಇಲ್ಲಿ ಎಲ್ಲ ಕಡೆ. ಪಾಸ್ತಾ ಆಲ್ಲಾ ನೋರ್ಮಾ ಅಂದರೆ ಹುರಿದ ಬದನೆಕಾಯಿ, ಟೊಮೆಟೊ, ಮೇಲೆ ಉಪ್ಪುಪ್ಪಾದ ರಿಕೋತ್ತಾ ಚೀಸಿನ ತುರಿ. ಕತಾನಿಯಾದ ಅಡುಗೆ ಅದು. ಕಪೊನಾತಾ ಎಂಬ ಹುಳಿಸಿಹಿ ಬದನೆಕಾಯಿ ಪಲ್ಯವೂ ಚೆನ್ನ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಗೋಧಿ ರವೆ, ನೀರು ಅಷ್ಟೇ. "ಫ್ರೆಸ್ಕಾ", ಅಂದರೆ ತಾಜಾ, ಅಂತಿದ್ದರೆ ಮೊಟ್ಟೆ ಇದೆಯಾ ಅಂತ ಕೇಳಿ. ಎಣ್ಣೆಯಲ್ಲಿ ಕರಿದ ಅನ್ನದ ಉಂಡೆ ಅರಂಚೀನೊ ನೋಡಿ ಆಸೆ ಆಗುತ್ತದೆ, ಆದರೆ ಮಾಮೂಲಿಯದರ ಒಳಗೆ ಮಾಂಸ. ಪಿಸ್ತಾದ್ದು ಅಂತ ಬರೆದಿದ್ದರೂ ಒಳಗೆ ಹಂದಿ ಮಾಂಸದ ಚೂರು ಇರುವುದುಂಟು. ಪಾನೆ ಕುನ್ಸಾತೊ ಎಂಬ ಬ್ರೆಡ್ಡಿನಲ್ಲಿ ಪುಟ್ಟ ಮೀನು ಸೇರಿಸುತ್ತಾರೆ. "ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ, ಸೆನ್ಸಾ ಉಓವಾ" ಅಂದರೆ ಮಾಂಸ, ಮೀನು, ಮೊಟ್ಟೆ ಬೇಡ ಅಂತ. ಬರೀ "ವೆಜಿಟೇರಿಯನ್" ಅಂದರೆ ಮೊಟ್ಟೆ ಬರುವುದುಂಟು. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ಟಿನಿಂದ. ಅಷ್ಟು ಕಟ್ಟುನಿಟ್ಟಾದರೆ ತುರಿ ಹಾಕಬೇಡಿ ಅಂತ ಮೊದಲೇ ಹೇಳಿ.

ಬೆಳಿಗ್ಗೆ ತಿಂಡಿಗೆ ಇಲ್ಲಿನವರು ತಿನ್ನುವುದು ಗ್ರನೀತಾ. ಹಣ್ಣು ಅಥವಾ ಬಾದಾಮಿ, ಸಕ್ಕರೆ, ನೀರು ಕಲಸಿ ಮಂಜಿನಂತೆ ಕಟ್ಟಿಸಿದ್ದು. ಜೊತೆಗೆ ಕೊಡುವ ಬ್ರಿಯೋಶ್ ಬನ್ನಿನಲ್ಲಿ ಮೊಟ್ಟೆ ಇದೆ, ಅದು ನಿಮಗಿರಲಿ. ಅಪ್ಪ, ಅಮ್ಮನಿಗೆ ಬಾದಾಮಿಯದು ಕೊಡಿಸಿ. ಹೋಟೆಲುಗಳು ಮಧ್ಯಾಹ್ನ ಮೂರರ ಹೊತ್ತಿಗೆ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಸಂಜೆ ಏಳೂವರೆಯ ಹತ್ತಿರ. ಆರೂವರೆಗೆ ಊಟ ಮಾಡಿ ರೂಢಿ ಇರುವವರಿಗೆ ಇದು ಕಷ್ಟ. ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಅಕ್ಕಿ, ಮೊಸರು ಅಂಗಡಿಯಲ್ಲಿ ಸಿಗುತ್ತವೆ, ಸಾಸಿವೆ ಮತ್ತು ಇಂಗು ನಿಮ್ಮ ಅಮ್ಮ ಹೇಗೂ ತಂದಿರುತ್ತಾರೆ. ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗೆ ಒಂದೆರಡು ಯೂರೊ ಸೇರಿದ್ದರೆ ಜಗಳ ಬೇಡ, ಅದು ಇಲ್ಲಿನ ಪದ್ಧತಿ.

ಯಾವಾಗ? ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ನನ್ನನ್ನು ಕೇಳಿದರೆ ಅಕ್ಟೋಬರ್. ಬೇಸಿಗೆಯ ಕಾವು ಸಮುದ್ರದಲ್ಲಿ ಇನ್ನೂ ಉಳಿದಿರುತ್ತದೆ, ಮೇ ತಿಂಗಳಲ್ಲಿ ನೀರು ತಣ್ಣಗೆ. ಆಗಸ್ಟ್ ಬೇಡವೇ ಬೇಡ. 15ರಂದು ಫೆರ್ರಾಗೋಸ್ತೊ ಹಬ್ಬ, ಇಡೀ ಇಟಲಿ ಕಡಲತೀರದಲ್ಲಿರುತ್ತದೆ. ಚಳಿಗಾಲದಲ್ಲಿ ಅರ್ಧದಷ್ಟು ಹೋಟೆಲ್ ಬಾಗಿಲು ಹಾಕಿರುತ್ತವೆ.

ಕತಾನಿಯಾ ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಕಾರು ಬೇಡ. ಮೇಲಿನ ಊರೊಳಗೆ ಹೊರಗಿನ ಕಾರುಗಳಿಗೆ ನಿರ್ಬಂಧ ಇದೆ, ಕ್ಯಾಮೆರಾ ಇದೆ, ದಂಡದ ಚೀಟಿ ತಿಂಗಳುಗಳಾದ ಮೇಲೆ ಮ್ಯೂನಿಕ್‌ನ ಮನೆಗೇ ಬರುತ್ತದೆ. ವಾಪಸ್ ಟಿಕೆಟ್ ಮಾಡುವಾಗ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಎಟ್ನಾ ಬೂದಿ ಉಗುಳಿದರೆ ಕತಾನಿಯಾ ವಿಮಾನ ನಿಲ್ದಾಣ ಕೆಲವು ಗಂಟೆ ಮುಚ್ಚುವುದುಂಟು, ಹಾಗಾಗಿ ಅಪ್ಪ ಅಮ್ಮ ಭಾರತಕ್ಕೆ ಹೊರಡುವ ಹಿಂದಿನ ದಿನಕ್ಕೆ ಈ ಪ್ರವಾಸ ತಂದಿಡಬೇಡಿ. 3,300 ಮೀಟರ್‌ಗಿಂತ ಎತ್ತರದ ಆ ಬೆಟ್ಟವನ್ನು ಹತ್ತಿರದಿಂದ ನೋಡಬೇಕೆಂದರೆ ಸುಮಾರು 1,900 ಮೀಟರಿನಲ್ಲಿರುವ ರಿಫೂಜೊ ಸಪಿಯೆನ್ಸಾದವರೆಗೆ ವಾಹನ ಹೋಗುತ್ತದೆ. ಅಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಬೇಕು.

ನಾಲ್ಕು ದಿನದಲ್ಲಿ ಎಟ್ನಾನಾ, ಸಿರಾಕೂಸಾನಾ ಅಂತ ಆರಿಸುವುದಾದರೆ ಅಪ್ಪನ ಪರವಾಗಿ ನಾನು ಸಿರಾಕೂಸಾ ಅನ್ನುತ್ತೇನೆ. ನಾಕ್ಸೋಸಿನ ಮರುವರ್ಷ ಹುಟ್ಟಿದ ಊರು, ಆಮೇಲೆ ಅದನ್ನೇ ನೆಲಸಮ ಮಾಡಿದ ಊರು. ತಾವೊರ್ಮಿನಾ-ಜಾರ್ದೀನಿ ಸ್ಟೇಷನ್ನಿನಿಂದ ರೈಲಿನಲ್ಲಿ ಎರಡು ಗಂಟೆಯ ಆಸುಪಾಸು. ಅಲ್ಲಿನ ಓರ್ತೀಜಾ ದ್ವೀಪದ ಕೆಥೆಡ್ರಲ್, ಅಥೀನಾ ದೇವಿಯ ಗುಡಿಯ ಕಂಬಗಳ ನಡುವೆ ಗೋಡೆ ತುಂಬಿಸಿ ಮಾಡಿದ್ದು. ಕ್ರಿ.ಪೂ. 5ನೇ ಶತಮಾನದ, ಡೋರಿಕ್ ಎಂಬ ಗ್ರೀಕ್ ಶೈಲಿಯ ಕಂಬಗಳನ್ನು ಒಳಗಿನಿಂದಲೂ ಕೈಯಿಟ್ಟು ಮುಟ್ಟಬಹುದು. ಓರ್ತೀಜಾ ಬಹುಪಾಲು ಸಮತಟ್ಟು, ಅಮ್ಮನಿಗೂ ತೊಂದರೆ ಇಲ್ಲ.

ಮೊದಲ ದಿನ ಮಧ್ಯಾಹ್ನ ತಲುಪುತ್ತೀರಿ, ಅವತ್ತು ಕಡಲ ದಂಡೆ ಬಿಟ್ಟು ಬೇರೇನೂ ಬೇಡ. ಎರಡನೇ ದಿನ ಬೆಳಿಗ್ಗೆ ಕೆಳಗಿನ ನಾಕ್ಸೋಸ್, ಸಂಜೆ ಮೇಲಿನ ಬೀದಿ. ಮೂರನೇ ದಿನ ಸಿರಾಕೂಸಾ. ರಂಗಮಂದಿರ ಕೊನೆಯ ದಿನ ಬೆಳಿಗ್ಗೆಗೆ ಇರಲಿ. ಅಪ್ಪ ಅಮ್ಮನಿಗೆ ಜರ್ಮನಿಯ ಷೆಂಗೆನ್ ವೀಸಾ ಇದ್ದರೆ ಇಟಲಿಗೆ ಬೇರೆ ವೀಸಾ ಬೇಕಿಲ್ಲ. ಆದರೆ ಪಾಸ್‌ಪೋರ್ಟ್ ಮತ್ತು ಇನ್ಶೂರೆನ್ಸ್ ಕಾಗದ ಜೊತೆಯಲ್ಲಿರಲಿ, ಬಾಡಿಗೆ ಮನೆಯವರೂ ಗುರುತಿನ ಪತ್ರ ಕೇಳುತ್ತಾರೆ. ಅಮ್ಮನಿಗೆ ಹಿಡಿತ ಚೆನ್ನಾಗಿರುವ ಶೂ ಕೊಡಿಸಿ, ಚಪ್ಪಲಿ ಬೇಡ. ಮೇಲಿನ ಊರಿನ ಕಲ್ಲುಹಾಸು ಸವೆದು ನುಣುಪಾಗಿದೆ, ಎರಡು ಹನಿ ಮಳೆ ಬಿದ್ದರೂ ಜಾರುತ್ತದೆ.